ಅಲೆಯ ಪಂಪ್‌ಗೆ ಕಂಟ್ರೋಲರ್ ಕೂಡಿಸುವುದು ಹೇಗೆ?

ಕಡಲ ಮೀನು ಸಾಕುವವರು ಅಕ್ವೇರಿಯಂನ ಎರಡು ತುದಿಗಳಲ್ಲಿ ಪಂಪ್ ಇಟ್ಟು, ಅವನ್ನು ಸರದಿಯಂತೆ ಓಡಿಸುವ ಕಂಟ್ರೋಲರ್ ತರುವುದು ಈಗ ಸಾಮಾನ್ಯವಾಗಿದೆ. ತಂದ ತಿಂಗಳೊಳಗೆ, ಕರಕರ ಎನ್ನುತ್ತಿರುವ ಪಂಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ಬರುವವರೂ ಕಡಿಮೆಯಿಲ್ಲ. ಬಿಚ್ಚಿ ನೋಡಿದರೆ ಹೆಚ್ಚಿನವುಗಳ ಕಾಯಿಲೆ ಒಂದೇ: ಕಂಟ್ರೋಲರ್‌ಗೆ ಒಗ್ಗದ ಪಂಪನ್ನು ಅದಕ್ಕೆ ಕಟ್ಟಿರುತ್ತಾರೆ.

ಅಳತೆಯ ವಿಷಯ ಸುಲಭ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಸುಮಾರು 240 ಲೀಟರ್ ನೀರು ಹಿಡಿಯುತ್ತದೆ. ಗಂಟೆಗೆ ಅದರ 10ರಿಂದ 20 ಪಟ್ಟು ನೀರು ತಳ್ಳುವಂತೆ ಎರಡು ಸಣ್ಣ ಪಂಪ್ ಕೊಂಡರೆ ಸಾಕು. ವಿದೇಶಿ ವಿಡಿಯೊಗಳಲ್ಲಿ ಹೇಳುವ 40–50 ಪಟ್ಟಿನ ಲೆಕ್ಕ ಗಟ್ಟಿ ಹವಳದ ತೊಟ್ಟಿಗಳದು. ಆ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ, ಬರೀ ಮೀನು ಸಾಕುವವರಿಗೆ ಆ ರಭಸ ಬೇಕಿಲ್ಲ.

ಇನ್ನು ಎಲ್ಲರೂ ಎಡವುವ ಹಂತ. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರವನ್ನು ಬಿಟ್ಟು, ಪಂಪ್‌ನ ಮೈಮೇಲೆ ಅಂಟಿಸಿದ ಚೀಟಿಯನ್ನು ಓದಬೇಕು. ಅಲ್ಲಿ 220–240 ವೋಲ್ಟ್, 50 ಹರ್ಟ್ಸ್ ಎಂದಿದ್ದು, ನಡುವೆ ಅಡಾಪ್ಟರ್ ಇಲ್ಲದೆ ವೈರು ನೇರವಾಗಿ ಗೋಡೆಯ ಸಾಕೆಟ್‌ಗೆ ಹೋಗುವಂತಿದ್ದರೆ ಅದು ಎ.ಸಿ. ಪಂಪ್. ಅದರೊಳಗಿನ ಆಯಸ್ಕಾಂತ ವಿದ್ಯುತ್ತಿನ ಲಯಕ್ಕೆ ಕಟ್ಟುಬಿದ್ದು ತಿರುಗುವುದರಿಂದ ವೇಗ ಇಳಿಸಲು ಬರುವುದಿಲ್ಲ. ಫ್ಯಾನ್ ರೆಗ್ಯುಲೇಟರ್ ಹಾಕಿ ನೋಡುವ ಜಾಣತನ ಬೇಡವೇ ಬೇಡ. ಹೊರಡುವ ಗಳಿಗೆಯಲ್ಲಿ ಆಯಸ್ಕಾಂತ ಹಿಂದಕ್ಕೂ ಮುಂದಕ್ಕೂ ತಡಕಾಡಿ ಲಯ ಹಿಡಿಯಬೇಕಾಗುತ್ತದೆ. ಅದಕ್ಕೆ ಅನುವಾಗಲೆಂದು ಇಂತಹ ಅನೇಕ ಪಂಪ್‌ಗಳಲ್ಲಿ ಇಂಪೆಲ್ಲರನ್ನು, ಎಂದರೆ ನೀರು ತಳ್ಳುವ ರೆಕ್ಕೆಚಕ್ರವನ್ನು, ಬಿಗಿಯಾಗಿ ಕೂರಿಸದೆ ತುಸು ಸಡಿಲ ಬಿಟ್ಟಿರುತ್ತಾರೆ. ಬೆರಳಿನಿಂದ ತಿರುಗಿಸಿದಾಗ ಸ್ವಲ್ಪ ದೂರ ಸಲೀಸಾಗಿ ಬಂದು ಟಕ್ ಎಂದು ನಿಲ್ಲುವುದು ಇದೇ ಸಡಿಲ. ಪಂಪ್ ಹೊರಟಾಗಲೆಲ್ಲ ಆ ಪುಟ್ಟ ಪ್ಲಾಸ್ಟಿಕ್ ತಡೆಗೆ ಒಂದು ಪೆಟ್ಟು ಬೀಳುತ್ತದೆ. 5 ಸೆಕೆಂಡ್ ಓಟ, 5 ಸೆಕೆಂಡ್ ವಿರಾಮ ಎಂದು ಇಟ್ಟರೆ ದಿನಕ್ಕೆ 8,640 ಪೆಟ್ಟು! ಅಗ್ಗದ ಟೈಮರ್‌ನ ಗತಿಯೂ ಅಷ್ಟೇ: ಅದರೊಳಗೆ ಕರೆಂಟ್ ಹಾಕಿ ಆರಿಸುವ ಸ್ವಿಚ್ಚಾದ ರಿಲೇ ಒಂದು ಲಕ್ಷ ಸಲ ಬಡಿಯಲೆಂದು ಮಾಡಿದ್ದಾಗಿದ್ದರೆ ಆ ಲಕ್ಷ ಹನ್ನೆರಡು ದಿನಕ್ಕೆ ತುಂಬುತ್ತದೆ. ನನ್ನ ಮೊದಲ ಪಂಪನ್ನು ನಾನು ಹೀಗೆಯೇ ಕೊಂದೆ. ಕೈಪಿಡಿಯಲ್ಲಿ ‘ವೇವ್ ಟೈಮರ್‌ಗೆ ಹೊಂದುತ್ತದೆ’ ಎಂದು ಬರೆದಿರದ ಎ.ಸಿ. ಪಂಪನ್ನು ನಿರಂತರವಾಗಿ ಓಡಿಸಿ, ಕಂಟ್ರೋಲರ್‌ನ ಆಸೆ ಬಿಡಿ.

ಅಡಾಪ್ಟರ್ ಇರುವ 12 ಅಥವಾ 24 ವೋಲ್ಟಿನ ಡಿ.ಸಿ. ಪಂಪ್‌ಗಳು ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲಬಲ್ಲವು. ಅಲೆಗೆ ತಕ್ಕವು ಇವೇ. ಇಲ್ಲಿಯೂ ಒಂದು ಮೋಸವಿದೆ. ಎರಡು ಕಂಪನಿಗಳ ಪಿನ್ ಒಂದಕ್ಕೊಂದು ಕೂತಿತು ಎಂದ ಮಾತ್ರಕ್ಕೆ ಅವು ಜೋಡಿಯಾಗುವುದಿಲ್ಲ. ವೋಲ್ಟೇಜ್ ಎರಡರಲ್ಲೂ ಒಂದೇ ಇರಬೇಕು, ಅಡಾಪ್ಟರ್‌ನ ಆಂಪಿಯರ್ ಪಂಪ್ ಕೇಳುವಷ್ಟಾದರೂ ಇರಬೇಕು. ಪಂಪ್‌ನಿಂದ ಬರುವ ಪಿನ್‌ನಲ್ಲಿ ಮೂರು ಕಾಲುಗಳಿದ್ದರೆ, ಮೋಟರನ್ನು ಓಡಿಸುವ ಸರ್ಕ್ಯೂಟ್ ಕಂಟ್ರೋಲರ್‌ನೊಳಗೇ ಇರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಅದೇ ಕಂಪನಿಯ ಕಂಟ್ರೋಲರ್ ಜೊತೆಗೇ ಕೊಳ್ಳಬೇಕು. ‘ಯಾವುದಕ್ಕಾದರೂ ಆಗುತ್ತೆ ಸಾರ್’ ಎಂದು ಅಂಗಡಿಯವರು ಕೊಡುವ ಬಿಡಿ ಕಂಟ್ರೋಲರ್‌ಗಳನ್ನು ನಾನು ಮುಟ್ಟುವುದಿಲ್ಲ.

ಜೋಡಿಸಿದ ಮೇಲೆ ತೊಟ್ಟಿಗೆ ಇಳಿಸುವ ಮೊದಲು ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿ ಐವತ್ತು ಸಲ ಹೊರಡಿಸಿ ನೋಡಬೇಕು. ಕನಿಷ್ಠ ವೇಗವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋಗಿ, ಯಾವ ಅಂಕಿಯಲ್ಲಿ ಪಂಪ್ ಹೊರಡಲು ತಡವರಿಸುತ್ತದೋ ಅದಕ್ಕಿಂತ ಹತ್ತು ಅಂಕಿ ಮೇಲಕ್ಕೆ ನಿಲ್ಲಿಸಿ. ಗಾಜಿಗೆ ಅಂಟಿಸುವಾಗ ನೀರಿನ ಮಟ್ಟದಿಂದ ಒಂದು ಗೇಣು ಕೆಳಗಿರಲಿ, ಮುಖ ಮರಳಿನತ್ತ ತಿರುಗದಿರಲಿ. ಕಂಟ್ರೋಲರ್ ನೀರಿನ ಮಟ್ಟಕ್ಕಿಂತ ಮೇಲೆ, ಉಪ್ಪಿನ ಹನಿ ಸಿಡಿಯದ ಕಡೆ ಇರಬೇಕು. ವೈರು ಸಾಕೆಟ್‌ಗಿಂತ ಕೆಳಗೆ ಬಳುಕಿ ಮೇಲೇರಿದರೆ ಅದರ ಗುಂಟ ಇಳಿದ ನೀರು ನೆಲಕ್ಕೆ ಬೀಳುತ್ತದೆ.

ಅಲೆಗೂ ತೊಟ್ಟಿಗೂ ತಾಳ ಕೂಡಬೇಕು. ತೊಟ್ಟಿಲು ತೂಗುವವರು ತಳ್ಳುವ ಗಳಿಗೆಯನ್ನು ಅರಿತಿರುವಂತೆ, ನೀರು ಹಿಂದಿರುಗುವ ಹೊತ್ತಿಗೇ ಪಂಪ್ ಮತ್ತೆ ತಳ್ಳಬೇಕು. ನಾಲ್ಕು ಅಡಿಯ ತೊಟ್ಟಿಯಲ್ಲಿ ನೀರು ಒಮ್ಮೆ ಆಚೆ ಹೋಗಿ ಈಚೆ ಬರಲು ಸುಮಾರು 1.4 ಸೆಕೆಂಡ್, ಮೂರು ಅಡಿಯದರಲ್ಲಿ ಸುಮಾರು 1.1 ಸೆಕೆಂಡ್ ಬೇಕು. ಅದರ ಅರ್ಧದಷ್ಟು ಹೊತ್ತು ಓಟ, ಅರ್ಧದಷ್ಟು ವಿರಾಮ. ಅಲ್ಲಿಂದ 0.05 ಸೆಕೆಂಡಿನಂತೆ ಹೆಚ್ಚುಕಡಿಮೆ ಮಾಡುತ್ತ ಹೋದರೆ ಒಂದು ಕಡೆ ನೀರು ತಟ್ಟನೆ ಏಳುತ್ತದೆ. ಎದುರುಬದುರು ಇರುವ ಪಂಪ್‌ಗಳಲ್ಲಿ ಒಂದು ಓಡುವಾಗ ಇನ್ನೊಂದು ಸುಮ್ಮನಿರಬೇಕು. ತಾಳ ಸಿಕ್ಕ ಸಂಭ್ರಮದಲ್ಲಿ ವೇಗ ಏರಿಸಬೇಡಿ. ಆಚೀಚೆ ತೂಗುತ್ತಿರುವುದು 240 ಕಿಲೋ ನೀರು. ತುದಿಯಲ್ಲಿ ಎರಡು ಸೆಂಟಿಮೀಟರ್ ಏರಿಳಿತ ಧಾರಾಳ. ಸ್ಟ್ಯಾಂಡ್ ಮೇಲೆ ಅಂಗೈ ಇಟ್ಟಾಗ ಅದು ಅಲುಗುವುದು ತಿಳಿದರೆ ಈ ಅಲೆಯನ್ನು ಬಿಟ್ಟು, ಪಂಪ್‌ಗಳನ್ನು ಹತ್ತು ನಿಮಿಷಕ್ಕೊಮ್ಮೆ ಸರದಿ ಬದಲಿಸುವಂತೆ ಇಡಿ.

ಕೊನೆಗೆ ಮೇನ್ ಸ್ವಿಚ್ ಆರಿಸಿ, ಒಂದು ನಿಮಿಷ ಕಾದು, ಮತ್ತೆ ಹಾಕಿ ನೋಡಬೇಕು. ಕರೆಂಟ್ ಹೋಗಿ ಬಂದಾಗ ಕೆಲವು ಕಂಟ್ರೋಲರ್‌ಗಳು ನೀವು ಇಟ್ಟ ತಾಳವನ್ನು ಮರೆತು ಪಂಪ್‌ಗಳನ್ನು ಪೂರ್ಣ ವೇಗದಲ್ಲಿ ಓಡಿಸುತ್ತವೆ, ಕೆಲವು ಏಳುವುದೇ ಇಲ್ಲ. ನಿಮ್ಮದು ಈ ಜಾತಿಯದಾದರೆ ಬಿಲ್ ಕೈಯಲ್ಲಿರುವಾಗಲೇ ಅಂಗಡಿಗೆ ಹಿಂದಿರುಗಿಸಿ.