ಇತಿಹಾಸ ಪಾಠಕ್ಕೆ ಕಾದಂಬರಿಯ ಎರಡು ಪುಟ

ಏಳನೇ ಕ್ಲಾಸಿಗೆ ಚಿತ್ರದುರ್ಗದ ಬಗ್ಗೆ ಹೇಳುವ ಮುಂಚೆ ತರಾಸು ಅವರ ‘ದುರ್ಗಾಸ್ತಮಾನ’ದಿಂದ ಒಂದೆರಡು ಪುಟ ಜೋರಾಗಿ ಓದಿ. ಇಡೀ ಕಾದಂಬರಿ ಬೇಡ, ಆ ವಯಸ್ಸಿಗೆ ಜಾಸ್ತಿಯಾಗುತ್ತದೆ. ಮುತ್ತಿಗೆಯ ಭಾಗ ಸಾಕು.

ಆಮೇಲೆ ಬೋರ್ಡಿನ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ನಡೆದದ್ದು’, ಬಲಕ್ಕೆ ‘ಲೇಖಕರು ಊಹಿಸಿದ್ದು’. 1779ರಲ್ಲಿ ಹೈದರಾಲಿ ಕೋಟೆ ಗೆದ್ದದ್ದು ಎಡಕ್ಕೆ. ಮದಕರಿ ನಾಯಕ ಒಬ್ಬನೇ ಕೂತು ಯೋಚಿಸಿದ್ದು? ಅವನ ಮನಸ್ಸಿನೊಳಗೆ ಯಾರು ಹೋಗಿ ನೋಡಿದರು ಅಂತ ಮಕ್ಕಳೇ ಕೇಳುತ್ತಾರೆ. ಆ ಪ್ರಶ್ನೆ ಬಂತು ಅಂದರೆ ಪಾಠ ಅರ್ಧ ಆದ ಹಾಗೆ.

ಓಬವ್ವನ ಸರದಿ ಬಂದಾಗ ನನ್ನ ಕ್ಲಾಸಿನಲ್ಲಿ ದೊಡ್ಡ ಗಲಾಟೆ. ಕಿಂಡಿ ಈಗಲೂ ಕೋಟೆಯಲ್ಲಿದೆ, ಕಣ್ಣಾರೆ ನೋಡಬಹುದು. ಆದರೆ ಅವಳು ಆಡಿದ ಮಾತು? ಒಬ್ಬ ಹುಡುಗಿ ಎದ್ದು ಬಂದು, ಸೀಮೆಸುಣ್ಣ ತಗೊಂಡು, ಓಬವ್ವನ ಹೆಸರನ್ನು ಸರಿಯಾಗಿ ಗೆರೆಯ ಮೇಲೇ ಬರೆದಳು. ಅದನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಉತ್ತರ ನೀವೇ ಹೇಳಿಬಿಡಬೇಡಿ. ಪಠ್ಯಪುಸ್ತಕ ತೆಗೆದು ಅವರೇ ಹುಡುಕಲಿ. ಓದುವ ಪುಟವನ್ನು ಹಿಂದಿನ ದಿನ ಮನೆಯಲ್ಲಿ ಒಮ್ಮೆ ಜೋರಾಗಿ ಓದಿ ನೋಡಿ. ಹತ್ತು ನಿಮಿಷ ದಾಟಿದರೆ ಕಡಿಮೆ ಮಾಡಿ.