ಸಾಕುಪ್ರಾಣಿ ಇದ್ದವರು ದಾವಣಗೆರೆಯಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ?

ಎಷ್ಟು ಜನ ಇರ್ತೀರಿ, ಎಲ್ಲಿ ಕೆಲಸ, ಮನೇಲಿ ನಾನ್‌ವೆಜ್ ಮಾಡ್ತೀರಾ? ಬಾಡಿಗೆಗೆ ಮನೆ ನೋಡಲು ಹೋದವರಿಗೆ ಈ ಪ್ರಶ್ನೆಗಳು ಹೊಸದಲ್ಲ. ನಾಯಿ ಇದೆ ಎಂದ ಕೂಡಲೇ ಮಾತ್ರ ಮಾತು ಅಲ್ಲಿಗೇ ನಿಲ್ಲುತ್ತದೆ: ‘ನಾಯಿ ಐತಾ? ಹಂಗಾದ್ರೆ ಆಗಲ್ಲ ಬಿಡ್ರಿ.’ ಇದಕ್ಕೆ ಅಂಜಿ ಕೆಲವರು ವಿಷಯ ಮುಚ್ಚಿಟ್ಟು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ನಾಯಿ ಬೊಗಳದೆ ಇರುತ್ತದೆಯೇ? ಗೊತ್ತಾದ ದಿನ ಜಗಳ, ಆಮೇಲೆ ಮನೆ ಖಾಲಿ ಮಾಡುವ ಗಡಿಬಿಡಿ. ಆ ಗಡಿಬಿಡಿಯಲ್ಲಿ ಬೀದಿಪಾಲಾಗುವುದು ಸಾಕಿದ ಜೀವ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಆದ್ದರಿಂದ ಮೊದಲ ಫೋನಿನಲ್ಲೇ ಹೇಳಿಬಿಡಿ. ಬ್ರೋಕರ್ ಮೂಲಕ ಹುಡುಕುತ್ತಿದ್ದರೆ ಅವರಿಗೂ ಹೇಳಿ.

ಕಾನೂನು ಎಲ್ಲಿಯವರೆಗೆ ನಿಮ್ಮ ಕಡೆ?

ಇಲ್ಲಿ ಗೊಂದಲ ಬಹಳ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಪಾರ್ಟ್‌ಮೆಂಟ್ ಸಂಘದವರು ಬಹುಮತದ ನಿರ್ಣಯ ಮಾಡಿದರೂ ನಿವಾಸಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಲಿಫ್ಟ್ ಬಳಸಬೇಡಿ ಎನ್ನುವಂತೆಯೂ ಇಲ್ಲ. ಆದರೆ ಈ ಮಾತು ಸಂಘಕ್ಕೆ. ತನ್ನ ಮನೆಯನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬುದು ಮಾಲೀಕರಿಗೆ ಬಿಟ್ಟದ್ದು. ಸಾಕುಪ್ರಾಣಿ ಕೂಡದು ಎಂಬ ಕರಾರಿಗೆ ಸಹಿ ಹಾಕಿ, ಆಮೇಲೆ ಮಾರ್ಗಸೂಚಿ ತೋರಿಸಿದರೆ ನಡೆಯುವುದಿಲ್ಲ. ದಾವಣಗೆರೆಯಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು ಇರುವ ಮನೆಗಳೇ ಹೆಚ್ಚು. ಅಲ್ಲಿ ಒಪ್ಪಿಗೆಯೇ ನಿಮ್ಮ ಬಲ.

ರಾಟ್‌ವೀಲರ್, ಪಿಟ್‌ಬುಲ್ ಇದ್ದವರಿಗೆ ‘ಅದು ಬ್ಯಾನ್ ಆಗೈತಲ್ರೀ’ ಎಂಬ ಮಾತು ಎದುರಾಗುತ್ತದೆ. 23 ತಳಿಗಳ ಮೇಲೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು. ಅದನ್ನು ಸಮಾಧಾನದಿಂದ ತಿಳಿಸಿ.

ಎಂಥ ಮನೆ ನೋಡಬೇಕು?

ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕ್, ನಿಟ್ಟುವಳ್ಳಿ, ಸರಸ್ವತಿ ನಗರ, ಎಲ್ಲಿಯಾದರೂ ಸರಿ, ಸ್ವಂತ ಗೇಟು ಮತ್ತು ಚಿಕ್ಕ ಕಾಂಪೌಂಡ್ ಇರುವ ನೆಲಮಹಡಿ ಸಿಕ್ಕರೆ ಉತ್ತಮ. ಮೇಲಿನ ಮಹಡಿಯಾದರೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿಯ ಕೆಳಗೆ ಮನುಷ್ಯರಿಗೇ ಉಸಿರುಗಟ್ಟುತ್ತದೆ, ಮೈತುಂಬ ಕೂದಲಿರುವ ನಾಯಿಯ ಪಾಡೇನು? ಬೆಕ್ಕಿದ್ದರೆ ಕಿಟಕಿಗಳಿಗೆ ಜಾಲರಿ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲಿ ಹಾಕಿಸಲು ಅನುಮತಿ ಕೇಳಿ.

ಮಾತಿಗೆ ಕೂರುವಾಗ

ಲಸಿಕೆ ಕಾರ್ಡ್ ಕೈಯಲ್ಲಿರಲಿ. ಮೂರು ತಿಂಗಳ ವಯಸ್ಸಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಚೀಟಿಯೂ ಇರಲಿ. ಹಿಂದಿನ ಮನೆಯ ಮಾಲೀಕರು ನಿಮ್ಮ ಪರವಾಗಿ ಫೋನಿನಲ್ಲಿ ಎರಡು ಮಾತಾಡಿದರೆ ಅದರ ತೂಕವೇ ಬೇರೆ.

ಮನೆಯ ಯಜಮಾನರು ಒಪ್ಪಿದರೆ ಸಾಲದು, ಒಳಗಿನ ಅಜ್ಜಿ ಒಪ್ಪಬೇಕು. ಅವರ ಆತಂಕಗಳನ್ನು ಕೇಳಿಸಿಕೊಳ್ಳಿ, ಅವು ನಿಜವಾದವು. ಬೆಳಿಗ್ಗೆ ಹಾಕಿದ ರಂಗೋಲಿ ತುಳಿದರೆ? ತುಳಸಿಕಟ್ಟೆಯ ಹತ್ತಿರ ಕಾಲೆತ್ತಿದರೆ? ಸಂಪಿನ ಮುಚ್ಚಳದ ಮೇಲೆ ಗಲೀಜು ಮಾಡಿದರೆ? ‘ನಮ್ಮ ನಾಯಿ ಹಂಗೆಲ್ಲ ಮಾಡಲ್ಲ ಅಜ್ಜಿ’ ಎಂದು ತೇಲಿಸಬೇಡಿ. ಅಂಗಳ ದಾಟುವವರೆಗೂ ಗಿಡ್ಡ ಬೆಲ್ಟಿನಲ್ಲಿ ಹಿಡಿದೇ ಕರೆದೊಯ್ಯುತ್ತೇವೆ, ಗಲೀಜಾದರೆ ನಾವೇ ತೊಳೆಯುತ್ತೇವೆ, ತಾರಸಿಗೆ ಬಿಡುವುದಿಲ್ಲ ಎಂದು ಬಿಡಿಬಿಡಿಯಾಗಿ ಹೇಳಿ. ಸಸ್ಯಾಹಾರಿಗಳ ಮನೆಯಾದರೆ ನಾಯಿಯ ಊಟದ ಮಾತೂ ಆಗಲೇ ಮುಗಿಯಲಿ. ನೀವು ಮಾಂಸ ತಿನ್ನದಿದ್ದರೂ ನಾಯಿಗೆ ಬೇಯಿಸುವ ಕೋಳಿಯ ವಾಸನೆ ಕೆಳಗಿಳಿಯುತ್ತದೆ. ಒಣ ಆಹಾರದ ಪ್ಯಾಕೆಟ್ ಹಾಕುತ್ತೀರೋ, ಮೊಟ್ಟೆಗೆ ಒಪ್ಪಿಗೆ ಇದೆಯೋ, ತೀರ್ಮಾನಿಸಿಕೊಳ್ಳಿ. ಬೆಕ್ಕಿಗೆ ಮಾಂಸಾಹಾರ ಬೇಕೇ ಬೇಕು, ಬರೀ ಹಾಲನ್ನದಲ್ಲಿ ಅದು ಬದುಕಲಾರದು. ಅದಕ್ಕೂ ಒಪ್ಪದ ಮನೆಯಾದರೆ ಬೇರೆ ಮನೆ ನೋಡುವುದು ಒಳ್ಳೆಯದು. ಎಲ್ಲ ಆದ ಮೇಲೆ ನಾಯಿಯನ್ನು ಒಂದು ಸಂಜೆ, ಚೆನ್ನಾಗಿ ಓಡಾಡಿಸಿ ದಣಿಸಿ, ಕರೆತಂದು ತೋರಿಸಿ.

ಕರಾರು ಪತ್ರ

ಹನ್ನೊಂದು ತಿಂಗಳ ಕರಾರಿನ ಸಿದ್ಧ ನಮೂನೆಯಲ್ಲಿ ಪ್ರಾಣಿಯ ಮಾತೇ ಇಲ್ಲದಿರಬಹುದು, ಇಲ್ಲವೇ ‘ಸಾಕತಕ್ಕದ್ದಲ್ಲ’ ಎಂಬ ಸಾಲು ಸುಮ್ಮನೆ ಸೇರಿಕೊಂಡಿರಬಹುದು. ಸ್ಟಾಂಪ್ ಪೇಪರಿಗೆ ಹೋಗುವ ಮೊದಲೇ ಓದಿ. ‘ಬಾಡಿಗೆದಾರರು ಒಂದು ಸಾಕುನಾಯಿಯನ್ನು ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ, ಅದರಿಂದಾದ ಹಾನಿಯ ದುರಸ್ತಿ ವೆಚ್ಚವನ್ನು ಅಡ್ವಾನ್ಸ್ ಹಣದಲ್ಲಿ ಮುರಿದುಕೊಳ್ಳಬಹುದು’ ಎಂಬಷ್ಟು ಬರೆಸಿದರೆ ಸಾಕು. ನಾಯಿಗೆಂದು ಅಡ್ವಾನ್ಸ್ ಹೆಚ್ಚು ಕೇಳಿದರೆ ಅದು ವಾಪಸು ಬರುವ ಹಣವೆಂದು ಕರಾರಿನಲ್ಲೇ ನಮೂದಾಗಲಿ. ಬೀಗದ ಕೈ ಪಡೆದ ದಿನ ಬಾಗಿಲಿನ ಕೆಳಭಾಗ, ಗೋಡೆಯ ಮೂಲೆ, ಕಿಟಕಿ ಜಾಲರಿಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಹಳೆಯ ಗೀರುಗಳ ಲೆಕ್ಕ ನಿಮ್ಮ ನಾಯಿಯ ತಲೆಗೆ ಬರಬಾರದು.

ಹೋದ ಮೊದಲ ವಾರ

ಹೊಸ ಮನೆಯಲ್ಲಿ ನಾಯಿ ಕೂಗುವುದು ಸಹಜ. ಸಾಧ್ಯವಾದರೆ ರಜೆ ಹಾಕಿ ಜೊತೆಗಿರಿ, ಅಕ್ಕಪಕ್ಕದವರಿಗೆ ನಿಮ್ಮ ನಂಬರ್ ಕೊಡಿ. ನಿಮ್ಮ ಅಸಡ್ಡೆಯಿಂದ ಸಾಕುಪ್ರಾಣಿ ಜನರ ಜೀವಕ್ಕೆ ಅಪಾಯ ತರುವಂತಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಚ್ಚುವ ಸ್ವಭಾವವಿದ್ದರೆ ಮೆಟ್ಟಿಲಿಳಿಯುವಾಗ ಬಾಯಿಗೆ ಕುಕ್ಕೆ ಹಾಕಲೇಬೇಕು. ಇನ್ನು ಹಬ್ಬಕ್ಕೆ ಊರಿಗೆ ಹೋಗುವಾಗ ತಾರಸಿಯಲ್ಲಿ ಕಟ್ಟಿಹಾಕಿ, ನೀರಿಡಲು ಮಾಲೀಕರಿಗೆ ಹೇಳಿ ಹೊರಡಬೇಡಿ; ಜೊತೆಗೇ ಕರೆದೊಯ್ಯಿರಿ, ಇಲ್ಲವೇ ಅದಕ್ಕೆ ಪರಿಚಯವಿರುವ ಸ್ನೇಹಿತರ ಮನೆಯಲ್ಲಿ ಬಿಡಿ.