ಕೇಳಿಸಿಕೊಳ್ಳುವವರ ಮುಖ: ರೊಮ್ಯಾಂಟಿಕ್ ಕಾಮಿಡಿಗಳ ಬಗ್ಗೆ ಮಾತನಾಡಲು ನಾನು ಕಲಿತದ್ದು

ಹೊಸ ಸಿನಿಮಾ ನೋಡಿಕೊಂಡು ಬಂದ ಮೇಲೆ ಐದಾರು ಮಂದಿ ಒಟ್ಟಿಗೆ ಕುಳಿತು ಅದರ ಬಗ್ಗೆ ಮಾತನಾಡುವ ಅಭ್ಯಾಸವನ್ನು ನಾವು ಗೆಳೆಯರು ಹಲವು ವರ್ಷಗಳಿಂದ ಬಿಡದೆ ಉಳಿಸಿಕೊಂಡು ಬಂದಿದ್ದೇವೆ. ಆರಂಭದ ದಿನಗಳಲ್ಲಿ ನನ್ನ ಅಭಿಪ್ರಾಯವೆಲ್ಲ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಒಂದು ಸಲ ನೋಡಬಹುದು’ ಎಂಬ ಮೂರು ಮಾತುಗಳಲ್ಲೇ ಮುಗಿದುಹೋಗುತ್ತಿತ್ತು. ಅದರಲ್ಲಿಯೂ ರೊಮ್ಯಾಂಟಿಕ್ ಕಾಮಿಡಿ ಎಂದರೆ, ಕಥೆ ಮೊದಲೇ ಗೊತ್ತಾಗಿಬಿಡುತ್ತದೆ ಎಂಬುದನ್ನು ಬಿಟ್ಟು ನನ್ನಲ್ಲಿ ಬೇರೆ ಟೀಕೆ ಇರಲಿಲ್ಲ. ಒಂದು ಸಂಜೆ, ಆಗಷ್ಟೇ ತೆರೆಕಂಡಿದ್ದ ಚಿತ್ರವೊಂದರ ಬಗ್ಗೆ ‘ಜೋಡಿಯ ನಡುವೆ ಕೆಮಿಸ್ಟ್ರಿಯೇ ಇಲ್ಲ’ ಎಂದು ನಾನು ತೀರ್ಪು ಕೊಟ್ಟಾಗ, ನಮ್ಮ ಗುಂಪಿನ ಹಿರಿಯ ಗೆಳತಿಯೊಬ್ಬರು ಸಮಾಧಾನದಿಂದಲೇ, ‘ಇಲ್ಲ ಅಂತ ನಿಮಗೆ ಯಾವ ದೃಶ್ಯದಲ್ಲಿ ಅನ್ನಿಸಿತು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಗಂಟೆ ಕಾಲ ತೆರೆಯನ್ನೇ ನೋಡುತ್ತ ಕುಳಿತಿದ್ದವನಿಗೆ ಒಂದು ದೃಶ್ಯವನ್ನೂ ಬೊಟ್ಟು ಮಾಡಿ ತೋರಿಸಲಾಗಲಿಲ್ಲವಲ್ಲ ಎಂಬ ಸಂಕೋಚ ಬಹಳ ದಿನ ನನ್ನನ್ನು ಬಿಡಲಿಲ್ಲ.

ಮುಂದಿನ ಚಿತ್ರಕ್ಕೆ ಹೋಗುವಾಗ ಅಂಗೈಯಗಲದ ಒಂದು ನೋಟ್‌ಬುಕ್ಕನ್ನೂ ಮೊಂಡು ಪೆನ್ಸಿಲ್ಲನ್ನೂ ಜೇಬಿನಲ್ಲಿಟ್ಟುಕೊಂಡೆ. ಮೊಬೈಲಿನಲ್ಲಿ ಬರೆದುಕೊಳ್ಳುವುದು ಸುಲಭವಾದರೂ ಅದರ ಬೆಳಕು ಪಕ್ಕದಲ್ಲಿ ಕುಳಿತವರ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಅದನ್ನು ಮೊದಲೇ ಕೈಬಿಟ್ಟೆ. ಕತ್ತಲಲ್ಲಿ ಬರೆದ ಮೊದಲ ದಿನದ ಟಿಪ್ಪಣಿಗಳಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ, ಅರ್ಧಕ್ಕರ್ಧ ಓದಲಾಗಲಿಲ್ಲ. ಬಳಿಕ ಒಂದು ಟಿಪ್ಪಣಿಗೆ ಒಂದು ಪುಟ ಎಂದು ಗೊತ್ತುಮಾಡಿಕೊಂಡೆ: ನೋಟವನ್ನು ತೆರೆಯಿಂದ ಕದಲಿಸದೆ, ಎಡಗೈ ಹೆಬ್ಬೆರಳನ್ನು ಪುಟದ ನಡುವೆ ಊರಿ, ಅದರ ಕೆಳಗೆ ಎರಡು ಮೂರು ಪದಗಳನ್ನು ದಪ್ಪಕ್ಷರದಲ್ಲಿ ಗೀಚಿ, ಪುಟ ಮಗುಚಿಬಿಡುವುದು. ‘ಬಾಗಿಲು, ಕೈ, ತಿರುಗಲಿಲ್ಲ’ ಎಂಬಂಥ ಪದಗಳು ಮರುದಿನಕ್ಕೆ ಏನನ್ನೂ ಹೇಳುವುದಿಲ್ಲ. ಚಿತ್ರ ಮುಗಿದ ಅರ್ಧ ಗಂಟೆಯೊಳಗೆ ಅವನ್ನು ಬಿಡಿಸಿ ಬರೆದರೆ ಮಾತ್ರ ಇಡೀ ದೃಶ್ಯ ಕಣ್ಣಮುಂದೆ ಬರುತ್ತದೆ. ನಕ್ಕ ಕಡೆ ಒಂದು ಗೀಟು, ಮನಸ್ಸು ಬೇರೆಡೆಗೆ ಹೋದ ಕಡೆ ಒಂದು ಸೊನ್ನೆ ಹಾಕುವುದನ್ನೂ ರೂಢಿಸಿಕೊಂಡೆ.

ಹತ್ತು ಹನ್ನೆರಡು ಚಿತ್ರಗಳಾದ ಮೇಲೆ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ ನಾನು ನಿರೀಕ್ಷಿಸಿರದ ಒಂದು ಸಂಗತಿ ಎದ್ದು ಕಂಡಿತು. ನನಗೆ ನಿಜವಾಗಿ ಹಿಡಿಸಿದ ಗಳಿಗೆಗಳಲ್ಲಿ ಹೆಚ್ಚಿನವು ಮಾತನಾಡುವವರ ಗಳಿಗೆಗಳಾಗಿರಲಿಲ್ಲ. ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರ ಮುಖ ತೆರೆಯ ಮೇಲೆ ಬಂದ ಗಳಿಗೆಗಳಾಗಿದ್ದವು. ಇದು ಎಷ್ಟು ಹಳೆಯ ಗುಟ್ಟು ಎಂಬುದು ಫ್ರಾಂಕ್ ಕಾಪ್ರಾ ನಿರ್ದೇಶಿಸಿದ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿದಾಗ ಅರಿವಾಯಿತು. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ ಮತ್ತು ಚಿತ್ರಕಥೆ ಎಂಬ ಐದೂ ಪ್ರಮುಖ ಆಸ್ಕರ್‌ಗಳನ್ನು ಪಡೆದ ಮೊದಲ ಚಿತ್ರ ಅದು. ಮನೆ ಬಿಟ್ಟು ಓಡಿಬಂದ ಶ್ರೀಮಂತರ ಮಗಳು ಮತ್ತು ಕೆಲಸ ಕಳೆದುಕೊಂಡ ಪತ್ರಕರ್ತ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದಾಗ, ಅವನು ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಅದರ ಮೇಲೆ ಕಂಬಳಿ ಇಳಿಬಿಡುತ್ತಾನೆ. ಮುಂದೆ ಅಂಥದೇ ಇನ್ನೊಂದು ರಾತ್ರಿ, ಕಂಬಳಿಯ ಆ ಬದಿಯಿಂದ ಅವನು ತನ್ನ ಕನಸಿನ ಹುಡುಗಿ ಎಂಥವಳಿರಬೇಕೆಂದು ಹೇಳುತ್ತಿರುವಾಗ ಕ್ಯಾಮೆರಾ ಅವಳ ಮುಖಕ್ಕೆ ಬರುತ್ತದೆ. ಅವಳು ಒಂದು ಮಾತನ್ನೂ ಆಡುವುದಿಲ್ಲ, ಆದರೆ ಆ ಮಾತುಗಳು ಅವಳೊಳಗೆ ಇಳಿಯುತ್ತಿರುವುದು ನಮಗೆ ಕಾಣುತ್ತದೆ. ಅವಳು ಎದ್ದು ಕಂಬಳಿಯನ್ನು ದಾಟಿ ಬರುವ ಹೊತ್ತಿಗೆ ಅವಳಿಗಿಂತ ಮೊದಲೇ ನಾವು ದಾಟಿರುತ್ತೇವೆ. ಕೆಮಿಸ್ಟ್ರಿ ಎಂದು ನಾನು ಅದುವರೆಗೆ ಬಾಯಿಗೆ ಬಂದಂತೆ ಬಳಸುತ್ತಿದ್ದ ಪದಕ್ಕೆ ನನ್ನ ಮಟ್ಟಿಗೆ ಆ ದೃಶ್ಯದಿಂದ ಒಂದು ಅರ್ಥ ಸಿಕ್ಕಿತು: ಇಬ್ಬರಲ್ಲಿ ಒಬ್ಬರ ಮಾತಿನಿಂದ ಇನ್ನೊಬ್ಬರು ಬದಲಾಗುವುದು ಕಣ್ಣಿಗೆ ಕಾಣಬೇಕು.

ಹೀಗೆ ನೋಡಲು ಶುರುಮಾಡಿದ ಮೇಲೆ ‘ಕಥೆ ಮೊದಲೇ ಗೊತ್ತು’ ಎಂಬ ನನ್ನ ಹಳೆಯ ದೂರು ತಾನಾಗಿ ಉದುರಿಹೋಯಿತು. ಇಬ್ಬರೂ ಕೊನೆಗೆ ಒಂದಾಗುತ್ತಾರೆ ಎಂಬುದು ಈ ಬಗೆಯ ಚಿತ್ರದಲ್ಲಿ ಟಿಕೆಟ್ ಕೊಳ್ಳುವಾಗಲೇ ಗೊತ್ತಿರುವ ಸಂಗತಿ. ಹಾಗಿರುವಾಗ ಕೇಳಬೇಕಾದ ಪ್ರಶ್ನೆ, ಆ ಒಂದಾಗುವಿಕೆಗೆ ಬೇಕಾದ ಸಾಮಗ್ರಿಯನ್ನು ಚಿತ್ರ ಮೊದಲಿನಿಂದ ಕೂಡಿಸಿಟ್ಟಿದೆಯೇ ಎಂಬುದು. ನೋರಾ ಎಫ್ರನ್ ಚಿತ್ರಕಥೆ ಬರೆದು ರಾಬ್ ರೈನರ್ ನಿರ್ದೇಶಿಸಿದ 1989ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ಯಲ್ಲಿ ಮೊದಲು ಇಬ್ಬರೂ ಬೇರೆಯಾಗುವ ಮುಕ್ತಾಯವೇ ಯೋಚನೆಯಲ್ಲಿತ್ತು, ಚಿತ್ರದ ತಯಾರಿಯ ದಿನಗಳಲ್ಲಿ ರೈನರ್ ತಾನು ಮುಂದೆ ಮದುವೆಯಾಗಲಿದ್ದವಳನ್ನು ಭೇಟಿಯಾದ ಬಳಿಕ ಅದು ಬದಲಾಯಿತು. ಹಾಗೆ ಬದಲಾದ ಮುಕ್ತಾಯವೂ ಅಂಟಿಸಿದಂತೆ ಕಾಣದಿರುವುದಕ್ಕೆ ಕಾರಣ ಹುಡುಕುತ್ತ ಹೋದಾಗ, ಕೊನೆಯಲ್ಲಿ ಹ್ಯಾರಿ ಸ್ಯಾಲಿಯ ಬಗ್ಗೆ ತನಗೆ ಪ್ರಿಯವೆಂದು ಎಣಿಸುವ ಸಣ್ಣಪುಟ್ಟ ಗುಣಗಳಲ್ಲಿ ಒಂದಾದ, ಊಟಕ್ಕೆ ಆರ್ಡರ್ ಕೊಡಲು ಅವಳು ತೆಗೆದುಕೊಳ್ಳುವ ಸಮಯವನ್ನು, ಚಿತ್ರದ ಆರಂಭದ ಪ್ರಯಾಣದಲ್ಲೇ ನಾವು ಅವನೊಡನೆ ಕುಳಿತು ನೋಡಿರುತ್ತೇವೆ ಎಂಬುದು ಹೊಳೆಯಿತು. ಅಂದು ಅವನಿಗೆ ವಿಚಿತ್ರವೆನಿಸಿದ್ದೇ ಇಂದು ಬೇಕೆನಿಸಿದೆ. ಈಚಿನ ಚಿತ್ರಗಳ ಕ್ಲೈಮ್ಯಾಕ್ಸ್ ಭಾಷಣ ಬಂದಾಗಲೆಲ್ಲ ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ನೆನಪಿಸಿಕೊಳ್ಳುತ್ತೇನೆ: ನಾಯಕ ಈಗ ಹೊಗಳುತ್ತಿರುವ ಗುಣವನ್ನು ನಾನು ಎಲ್ಲಿಯಾದರೂ ನೋಡಿದ್ದೇನೆಯೇ? ಅದೇ ರೀತಿ, ಮುಕ್ಕಾಲು ಭಾಗ ಕಳೆದ ಮೇಲೆ ತಪ್ಪದೆ ಬರುವ ಜಗಳ ಒಂದು ಫೋನ್ ಕರೆಯಿಂದ ಮುಗಿಯುವಂಥದ್ದಾಗಿದ್ದರೆ, ಅದು ಪಾತ್ರಗಳ ಸ್ವಭಾವದಿಂದ ಹುಟ್ಟಿದ್ದಲ್ಲ, ಚಿತ್ರಕಥೆಯ ಅಗತ್ಯಕ್ಕೆ ಹುಟ್ಟಿದ್ದು ಎಂದು ಬರೆದುಕೊಳ್ಳುತ್ತೇನೆ.

ಅಂಕಿಗಳ ವಿಷಯದಲ್ಲಿ ನಾನು ತಿದ್ದಿಕೊಂಡದ್ದು ತಡವಾಗಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನ ಶೇಕಡಾವಾರು ನೋಡಿಯೇ ಚಿತ್ರಕ್ಕೆ ಹೋಗುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದ ಕಾಲವಿತ್ತು. ಆ ಅಂಕಿ ಹೇಳುವುದು ಎಷ್ಟು ವಿಮರ್ಶಕರು ಚಿತ್ರವನ್ನು ಒಪ್ಪಿದ್ದಾರೆ ಎಂಬುದನ್ನೇ ಹೊರತು ಎಷ್ಟರಮಟ್ಟಿಗೆ ಮೆಚ್ಚಿದ್ದಾರೆ ಎಂಬುದನ್ನಲ್ಲ. ಎಲ್ಲರಿಗೂ ಸಾಧಾರಣವಾಗಿ ಪರವಾಗಿಲ್ಲವೆನಿಸಿದ ಚಿತ್ರಕ್ಕೂ ನೂರಕ್ಕೆ ನೂರು ಬರಬಹುದು, ಕೆಲವರು ಜೀವ ಬಿಡುವಷ್ಟು ಮೆಚ್ಚಿ ಉಳಿದವರು ತಳ್ಳಿಹಾಕಿದ ಚಿತ್ರ ಅರವತ್ತಕ್ಕಿಂತ ಕೆಳಗೆ ಇಳಿಯಬಹುದು. ರೊಮ್ಯಾಂಟಿಕ್ ಕಾಮಿಡಿಗಳಿಗೆ ಪ್ರೇಕ್ಷಕರ ಬಾಯಿಮಾತು ಎಷ್ಟು ಮುಖ್ಯವೆಂಬುದಕ್ಕೆ 2023ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಎನಿವನ್ ಬಟ್ ಯೂ’ ಒಳ್ಳೆಯ ಸಾಕ್ಷಿ. ಶೇಕ್ಸ್‌ಪಿಯರ್‌ನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ ಎಳೆಯನ್ನು ಇಂದಿನ ಜೋಡಿಯೊಂದಕ್ಕೆ ಹೊಂದಿಸಿದ ಆ ಚಿತ್ರ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಗಳಿಸಿದ್ದು ಸುಮಾರು 60 ಲಕ್ಷ ಡಾಲರ್ ಮಾತ್ರ. ನೋಡಿದವರು ನೋಡದವರಿಗೆ ಹೇಳುತ್ತ ಹೋದಂತೆ ಅದು ತಿಂಗಳುಗಟ್ಟಲೆ ಓಡಿ, ಜಗತ್ತಿನಾದ್ಯಂತ ಸುಮಾರು 22 ಕೋಟಿ ಡಾಲರ್ ತಲುಪಿತು. ಮೊದಲ ವಾರದ ಮಾತನ್ನೇ ಕೊನೆಯ ಮಾತೆಂದು ನಾನು ಈಗ ನಂಬುವುದಿಲ್ಲ. 1938ರಲ್ಲಿ ಬಂದಾಗ ನಿರ್ಮಾಪಕ ಸಂಸ್ಥೆಗೆ ನಷ್ಟ ತಂದ ‘ಬ್ರಿಂಗಿಂಗ್ ಅಪ್ ಬೇಬಿ’ ಇಂದು ಈ ಪ್ರಕಾರದ ಮೇರುಕೃತಿಗಳ ಸಾಲಿನಲ್ಲಿದೆ.

ನಾನು ಮಾಡಿದ ದೊಡ್ಡ ತಪ್ಪು ಬೇರೊಂದಿದೆ. ಒಟಿಟಿಯಲ್ಲಿ ನೇರವಾಗಿ ಬಿಡುಗಡೆಯಾದ ಹಾಸ್ಯಚಿತ್ರವೊಂದನ್ನು ರಾತ್ರಿ ಒಬ್ಬನೇ ಮೊಬೈಲಿನಲ್ಲಿ ನೋಡಿ, ನೋಟ್‌ಬುಕ್ಕಿನ ತುಂಬ ಸೊನ್ನೆ ಹಾಕಿ, ‘ಸಂಭಾಷಣೆಗಳ ನಡುವೆ ಎಳೆತ ಹೆಚ್ಚು’ ಎಂದು ಗೆಳೆಯರಿಗೆ ಖಚಿತವಾಗಿ ಹೇಳಿದ್ದೆ. ಕೆಲವು ವಾರಗಳ ಬಳಿಕ ಅದನ್ನೇ ಎಂಟು ಜನರ ಜೊತೆ ದೊಡ್ಡ ತೆರೆಯ ಮೇಲೆ ನೋಡಿದಾಗ, ಎಳೆತವೆಂದು ನಾನು ಗುರುತಿಸಿದ್ದ ಜಾಗಗಳೆಲ್ಲ ನಗುವಿನಿಂದ ತುಂಬಿಹೋದವು. ಆ ಬಿಡುವುಗಳು ಇದ್ದದ್ದೇ ಮುಂದಿನ ಮಾತು ನಗೆಯಲ್ಲಿ ಮುಳುಗದಿರಲಿ ಎಂದು. ಅಮೆರಿಕದ ಹಾಸ್ಯನಟರಾದ ಮಾರ್ಕ್ಸ್ ಸಹೋದರರು 1935ರ ‘ಎ ನೈಟ್ ಅಟ್ ದಿ ಆಪರಾ’ದ ಹಾಸ್ಯಪ್ರಸಂಗಗಳನ್ನು ಚಿತ್ರೀಕರಣಕ್ಕೆ ಮೊದಲು ರಂಗದ ಮೇಲೆ ಪ್ರೇಕ್ಷಕರೆದುರು ಆಡಿ, ನಗು ಎಲ್ಲಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಿಕೊಂಡಿದ್ದರು. ಅಷ್ಟು ಲೆಕ್ಕವಿಟ್ಟು ಮಾಡುವ ಕೆಲಸವನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ನೋಡಿ ತೂಗುವುದು ನ್ಯಾಯವಲ್ಲ. ಅಂದಿನಿಂದ ಪ್ರತಿ ಟಿಪ್ಪಣಿಯ ತಲೆಯಲ್ಲಿ ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ನೋಡಿದೆ ಎಂಬುದನ್ನು ಬರೆಯುತ್ತೇನೆ. ಚಿತ್ರ ಹಿಡಿಸದಿದ್ದಾಗ ಮೊದಲು ಓದುವುದು ಆ ಸಾಲನ್ನೇ.

ಬೇರೆ ಬಗೆಯ ಚಿತ್ರಗಳಿಗೂ ಈ ಪದ್ಧತಿ ಬಹಳಷ್ಟು ಒದಗುತ್ತದೆ. ಹಾರರ್ ಚಿತ್ರದಲ್ಲಿಯೂ ಭಯ ಹುಟ್ಟುವುದು ಭೂತದ ಮುಖದಿಂದಲ್ಲ, ಅದನ್ನು ಇನ್ನೂ ಕಾಣದ ನಮಗೆ ಮೊದಲು ತೋರಿಸುವ, ಅದನ್ನು ಕಂಡವರ ಮುಖದಿಂದ. ದೊಡ್ಡ ಸಾಹಸಚಿತ್ರಗಳ ವಿಷಯದಲ್ಲಿ ಮಾತ್ರ ನನ್ನ ಗೀಟು ಸೊನ್ನೆಗಳು ಸೋಲುತ್ತವೆ. ಅಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರತ್ತ ಓಡುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆಯೇ ಎಂಬುದನ್ನಷ್ಟೇ ಗಮನಿಸುತ್ತೇನೆ.

ಒಟ್ಟಿಗೆ ಕುಳಿತು ಮಾತನಾಡುವಾಗ ನಾವು ಪಾಲಿಸುವ ಕ್ರಮವೊಂದಿದೆ: ಚಿತ್ರವನ್ನು ಮೆಚ್ಚಿದವರು ಮೊದಲು ಮಾತನಾಡಬೇಕು. ಟೀಕೆ ಮೊದಲು ಬಂದರೆ ಮೆಚ್ಚಿದವರು ತಮ್ಮ ಮೆಚ್ಚುಗೆಯನ್ನು ಅರ್ಧಕ್ಕೆ ಇಳಿಸಿಕೊಂಡೇ ಬಾಯಿ ತೆರೆಯುತ್ತಾರೆ ಎಂಬುದನ್ನು ಮತ್ತೆ ಮತ್ತೆ ಕಂಡ ಮೇಲೆ ಇದನ್ನು ಜಾರಿಗೆ ತಂದೆವು. ಪ್ರೇಮಕಥೆಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ತೆರೆಯ ಮೇಲಿನ ಪ್ರೀತಿ ತನ್ನನ್ನು ತಟ್ಟಿತು ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳಲು ಧೈರ್ಯ ಬೇಕು. ಚಿತ್ರ ನೋಡದವರು ಒಬ್ಬರಿದ್ದರೂ ಕೊನೆಯ ಇಪ್ಪತ್ತು ನಿಮಿಷಗಳ ಮಾತು ಎತ್ತುವಂತಿಲ್ಲ ಎಂಬುದು ಇನ್ನೊಂದು ಕ್ರಮ. ಒಮ್ಮೆ ನಾನು ಮೈಮರೆತು ಮುಕ್ತಾಯವನ್ನು ಹೇಳಿಬಿಟ್ಟು ಗೆಳೆಯನೊಬ್ಬನಿಗೆ ಆ ಚಿತ್ರವನ್ನೇ ಕೆಡಿಸಿದ ಬಳಿಕ ನಾನಾಗಿಯೇ ಅದನ್ನು ಕೇಳಿಕೊಂಡು ಸೇರಿಸಿದೆ.

ಕೆಮಿಸ್ಟ್ರಿ ಇಲ್ಲವೆಂದು ನಾನು ತಳ್ಳಿಹಾಕಿದ್ದ ಆ ಚಿತ್ರವನ್ನು ಕಳೆದ ತಿಂಗಳು ಮತ್ತೆ ಹುಡುಕಿ ನೋಡಿದೆ. ಮುಖ್ಯ ದೃಶ್ಯಗಳನ್ನು ಧ್ವನಿ ಪೂರ್ತಿ ಇಳಿಸಿ ನೋಡಿದಾಗ ಮಳೆಯ ದೃಶ್ಯದಲ್ಲಿ ವಿಷಯ ಹಿಡಿತಕ್ಕೆ ಸಿಕ್ಕಿತು. ನಾಯಕ ತನ್ನ ಮನಸ್ಸಿನಲ್ಲಿರುವುದನ್ನು ಹೇಳುವ ಅಷ್ಟೂ ಹೊತ್ತು ತೆರೆಯ ಮೇಲಿರುವುದು ಅವನೊಬ್ಬನೇ; ನಾಯಕಿಯ ಮುಖ ಬರುವುದು ಮಾತು ಮುಗಿದ ಮೇಲೆ, ಅದೂ ಆಗಲೇ ನಗುತ್ತಿರುವ ಮುಖ. ನಟರಲ್ಲಿ ಕೊರತೆಯಿರಲಿಲ್ಲ, ಅವಳು ಕೇಳಿಸಿಕೊಳ್ಳುತ್ತಿದ್ದ ಗಳಿಗೆಯನ್ನು ನಮಗೆ ತೋರಿಸಿರಲಿಲ್ಲ. ಇಷ್ಟನ್ನು ಬರೆದುಕೊಂಡು ಹೋಗಿ ಅದೇ ಹಿರಿಯ ಗೆಳತಿಯ ಮುಂದೆ, ಅವರು ಕೇಳಿದ್ದ ಪ್ರಶ್ನೆಗೆ ಉತ್ತರವೆಂದು ಓದಿದೆ. ಅವರು ಪೂರ್ತಿ ಕೇಳಿ, ‘ಮಳೆಯ ದೃಶ್ಯ ಸರಿ, ಆದರೆ ಅದಕ್ಕೂ ಮೊದಲು ಕಾರಿನೊಳಗೆ ಅವನು ನಿದ್ದೆ ಹೋದಾಗ ಅವಳು ರೇಡಿಯೋ ಸದ್ದು ತಗ್ಗಿಸುತ್ತಾಳಲ್ಲ, ಅದನ್ನು ನೋಡಿದಿರಾ?’ ಎಂದರು. ನನ್ನ ಟಿಪ್ಪಣಿಯಲ್ಲಿ ಅದಿರಲಿಲ್ಲ. ಬರುವ ಶನಿವಾರ ಆ ದೃಶ್ಯವನ್ನು ಇಬ್ಬರೂ ಒಟ್ಟಿಗೆ ನೋಡುವುದೆಂದು ಮಾತಾಗಿದೆ.